ಟ್ಯಾಕ್ಸ್ ಜಾಸ್ತಿ ಅನ್ನೋದು ಕೇಸಲ್ಲ

ನ್ಯೂಜೆರ್ಸಿಯಲ್ಲಿ ಮನೆ ಕೊಂಡಿರುವ ಕನ್ನಡಿಗರು ನಾಲ್ಕು ಜನ ಸೇರಿದರೆ ಮಾತು ಮಕ್ಕಳ ಕಾಲೇಜು, ಬೆಂಗಳೂರಿನ ಟ್ರಾಫಿಕ್ಕು ಎಲ್ಲ ಸುತ್ತಿ ಕೊನೆಗೆ ಮನೆ ತೆರಿಗೆಗೆ ಬಂದು ನಿಲ್ಲುತ್ತದೆ. ನಿಲ್ಲದೆ ಏನು ಮಾಡೀತು? ಆ ರಾಜ್ಯದಲ್ಲಿ ವಾಸದ ಮನೆಯೊಂದರ ಸರಾಸರಿ ವಾರ್ಷಿಕ ತೆರಿಗೆ 2024ರಲ್ಲಿ 10,000 ಡಾಲರ್ ದಾಟಿತು. ಬ್ಯಾಂಕಿನ ಸಾಲ ತೀರಿದ ಮೇಲೂ ತೀರದ ಕಂತು ಅದು. ಕೆಳಗೆ ಮಾತಾಡುವವರು ಇಬ್ಬರು: ಅಲ್ಲಿ ಬಹಳ ಕಾಲ ವಕೀಲಿ ಮಾಡಿ ಈಗ ನಿವೃತ್ತರಾಗಿರುವ ಚಿಕ್ಕಮ್ಮ, ಮತ್ತು ಮನೆ ಕೊಂಡು ಹೆಚ್ಚು ವರ್ಷವಾಗದ ಅವರ ಅಕ್ಕನ ಮಗ. ಅಂಕಿಗಳು ಲೆಕ್ಕಕ್ಕೆ ಸುಲಭವಾಗಲೆಂದು ನಾನು ಇಟ್ಟುಕೊಂಡವು. ಕಾನೂನು ಮಾತ್ರ ಅಲ್ಲಿಯದೇ.

ಅವನು: ಟೌನ್‌ನಿಂದ ಈ ಪೋಸ್ಟ್‌ಕಾರ್ಡ್ ಬಂದಿದೆ ಚಿಕ್ಕಮ್ಮ, ನೋಡಿ. ಜಾಗಕ್ಕೆ ಇಷ್ಟು, ಕಟ್ಟಡಕ್ಕೆ ಇಷ್ಟು, ಒಟ್ಟು 4,80,000 ಡಾಲರ್. ಕೆಳಗೆ ಹೋದ ವರ್ಷದ ಟ್ಯಾಕ್ಸು, 12,000. ನನಗೆ ಒಬ್ಬ ಒಳ್ಳೆ ಲಾಯರ್ ಹೇಳಿ.

ಚಿಕ್ಕಮ್ಮ: ಯಾತಕ್ಕೆ?

ಅವನು: ಟ್ಯಾಕ್ಸ್ ಇಳಿಸೋದಕ್ಕೆ. ಇನ್ಯಾತಕ್ಕೆ?

ಚಿಕ್ಕಮ್ಮ: ಟ್ಯಾಕ್ಸ್ ಇಳಿಸೋ ಲಾಯರ್ ಈ ರಾಜ್ಯದಲ್ಲಿ ಯಾರೂ ಇಲ್ಲಪ್ಪ. ಸ್ಕೂಲ್ ಬೋರ್ಡು, ಟೌನು, ಕೌಂಟಿ, ಈ ಮೂವರೂ ತಮಗೆ ಎಷ್ಟು ದುಡ್ಡು ಬೇಕು ಅಂತ ಬಜೆಟ್ ಮಾಡ್ತಾರೆ. ಅದನ್ನ ಊರಿನ ಎಲ್ಲ ಆಸ್ತಿಗಳ ಮೇಲೆ ಹಂಚಿದಾಗ ಬರೋದು ಟ್ಯಾಕ್ಸ್ ರೇಟು. ನೀನು ಕಟ್ಟೋದರಲ್ಲಿ ಅರ್ಧಕ್ಕಿಂತ ಹೆಚ್ಚು ಸ್ಕೂಲಿಗೇ ಹೋಗುತ್ತೆ. ಆ ರೇಟನ್ನ ಯಾವ ಅಪೀಲಿನಲ್ಲೂ ಮುಟ್ಟೋಕೆ ಆಗಲ್ಲ. ‘ಸ್ವಾಮಿ, ಟ್ಯಾಕ್ಸ್ ವಿಪರೀತ ಆಯ್ತು’ ಅಂದರೆ ಅಪೀಲು ಕೇಳೋ ಕೌಂಟಿ ಟ್ಯಾಕ್ಸ್ ಬೋರ್ಡಿನ ಕಮಿಷನರೂ ತಲೆ ಆಡಿಸ್ತಾರೆ, ಅವರೂ ಅದೇ ಟ್ಯಾಕ್ಸ್ ಕಟ್ಟೋರು. ನೀನು ಜಗಳ ಆಡಬಹುದಾದ್ದು ಈ ಒಂದೇ ಅಂಕಿಯ ಜೊತೆ, ಟೌನು ನಿನ್ನ ಮನೆಗೆ ಬರೆದ ಬೆಲೆ, ಅಂದರೆ ಅಸೆಸ್‌ಮೆಂಟು. 4,80,000. ಅಷ್ಟಕ್ಕೆ ಮನೆ ಬಾಳುತ್ತಾ, ಇಲ್ವಾ?

ಅವನು: ಬಾಳೋದೇನು, 5,50,000ಕ್ಕೆ ಹೋಗುತ್ತೆ ಅಂತ ಝಿಲ್ಲೋ ವೆಬ್‌ಸೈಟು ಹೇಳುತ್ತೆ. ಅಯ್ಯೋ, ಹಾಗಾದರೆ ಟೌನ್‌ನವರು ಕಮ್ಮೀನೇ ಬರೆದಿದ್ದಾರಲ್ಲ. ಕೇಸೇ ಇಲ್ವಾ?

ಚಿಕ್ಕಮ್ಮ: ತಡಿ, ಅಷ್ಟು ಬೇಗ ಸೋಲಬೇಡ. ಎಷ್ಟೋ ಜನ ಇಲ್ಲೇ ಕೈ ಬಿಡ್ತಾರೆ. ಇನ್ನು ಎಷ್ಟೋ ಜನ ಇಲ್ಲೇ ತಪ್ಪು ಧೈರ್ಯ ತಗೊಳ್ತಾರೆ. ನಿಮ್ಮ ಟೌನು ಎಲ್ಲ ಮನೆಗಳಿಗೂ ಹೊಸದಾಗಿ ಬೆಲೆ ಕಟ್ಟಿ ವರ್ಷಗಳೇ ಆಗಿರಬಹುದು. ಅಲ್ಲಿಂದ ಈಚೆಗೆ ಮಾರ್ಕೆಟ್ ಏರ್ತಾ ಹೋಯ್ತು, ಪುಸ್ತಕದ ಬೆಲೆ ನಿಂತಲ್ಲೇ ನಿಂತಿತು. ಅದಕ್ಕೇ ರಾಜ್ಯದ ತೆರಿಗೆ ಇಲಾಖೆ ಪ್ರತಿ ವರ್ಷ, ಮಾರಾಟವಾದ ಮನೆಗಳನ್ನ ನೋಡಿ, ಈ ಊರಿನ ಅಸೆಸ್‌ಮೆಂಟು ಮಾರ್ಕೆಟ್ ಬೆಲೆಯ ಶೇಕಡಾ ಇಷ್ಟು ಅಂತ ಒಂದು ಪಟ್ಟಿ ಹೊರಡಿಸುತ್ತೆ. ನಿಮ್ಮೂರಿಗೆ ಶೇ. 80 ಅಂತ ಇಟ್ಕೋ. ಅಂದರೆ 5,50,000ದ ಮನೆ ಪುಸ್ತಕದಲ್ಲಿ 4,40,000 ಇರಬೇಕಿತ್ತು.

ಅವನು: ನಂದು 4,80,000 ಇದೆಯಲ್ಲ! 40,000 ಜಾಸ್ತಿ. ಸಿಕ್ಕಿಬಿದ್ದರು.

ಚಿಕ್ಕಮ್ಮ: ಯಾರೂ ಸಿಕ್ಕಿಬಿದ್ದಿಲ್ಲ. 1973ರ ಕಾನೂನೊಂದಿದೆ, ಚಾಪ್ಟರ್ 123 ಅಂತಲೇ ಎಲ್ಲರೂ ಕರೆಯೋದು. ಬೆಲೆ ಕಟ್ಟೋದರಲ್ಲಿ ಸ್ವಲ್ಪ ಆಚೀಚೆ ಆಗೋದು ಸಹಜ ಅಂತ ಅದು ಒಪ್ಪಿಕೊಳ್ಳುತ್ತೆ. ಎಷ್ಟು ಆಚೀಚೆ? ಆ ಶೇಕಡಾವಾರಿನ ಮೇಲೆ ಕೆಳಗೆ ನೂರಕ್ಕೆ ಹದಿನೈದು. 80ಕ್ಕೆ ನೂರಕ್ಕೆ ಹದಿನೈದು ಅಂದರೆ 12. ಹಾಗಾಗಿ 68ರಿಂದ 92ರವರೆಗೆ ಯಾವ ಅಸೆಸ್‌ಮೆಂಟ್ ಇದ್ದರೂ ಸರಿ ಅಂತಲೇ ಲೆಕ್ಕ. ನಿನ್ನ 4,80,000ವನ್ನ 5,50,000ದಿಂದ ಭಾಗಿಸು.

ಅವನು: ಶೇ. 87 ಚಿಲ್ಲರೆ.

ಚಿಕ್ಕಮ್ಮ: 92ರ ಒಳಗೇ ಇದೆ. ಒಂದು ಡಾಲರೂ ಇಳಿಯಲ್ಲ. ಈಗ ಅದೇ ಮನೆ ನಿಜವಾಗಿ ಹೋಗೋದು 5,00,000ಕ್ಕೆ ಮಾತ್ರ ಅಂತ ನೀನು ಸಾಬೀತು ಮಾಡಿದೆ ಅನ್ನು. 4,80,000ವನ್ನ 5,00,000ದಿಂದ ಭಾಗಿಸಿದರೆ ಶೇ. 96. ಗಡಿ ದಾಟಿತು. ದಾಟಿದ ಮೇಲೆ 92ಕ್ಕೆ ತಂದು ನಿಲ್ಲಿಸೋದಲ್ಲ, ನೇರ 80ಕ್ಕೇ ಇಳಿಸಬೇಕು. ಹೊಸ ಅಸೆಸ್‌ಮೆಂಟು 4,00,000. ನಿಮ್ಮೂರ ರೇಟು ನೂರು ಡಾಲರಿಗೆ ಎರಡೂವರೆ. 80,000 ಇಳಿದರೆ ವರ್ಷಕ್ಕೆ 2,000 ಡಾಲರ್ ಉಳೀತು.

ಅವನು: 5,50,000 ಆದರೆ ಸೊನ್ನೆ, 5,00,000 ಆದರೆ 2,000. ಮಧ್ಯೆ ಎಲ್ಲಿದೆ ಆ ಗಡಿ?

ಚಿಕ್ಕಮ್ಮ: ಸುಮಾರು 5,21,700. ಮನೆಯ ಬೆಲೆ ಅದಕ್ಕಿಂತ ಕೆಳಗಿದೆ ಅಂತ ತೋರಿಸಬಲ್ಲೆಯಾ ಅನ್ನೋದೊಂದೇ ನಿನ್ನ ಕೇಸು. ಬರೀ ಭಾಗಾಕಾರ. ಪಟ್ಟಿಯಲ್ಲಿ ಇರೋ ಶೇಕಡಾವಾರು, ಪೋಸ್ಟ್‌ಕಾರ್ಡಿನಲ್ಲಿ ಇರೋ ಅಂಕಿ, ಎರಡೂ ನಿನ್ನ ಕೈಯಲ್ಲೇ ಇವೆ. ಈ ಲೆಕ್ಕ ಮಾಡದೆ ಲಾಯರ್ ಹತ್ತಿರ ಹೋದರೆ ಅವನು ಮೊದಲು ಮಾಡೋದೂ ಇದನ್ನೇ. ಹೊಸದಾಗಿ ಇಡೀ ಊರಿಗೆ ಮರು ಮೌಲ್ಯಮಾಪನ ಆದ ವರ್ಷದಲ್ಲಿ ಮಾತ್ರ ಈ ಗಡಿ ಗಿಡಿ ಏನೂ ಇಲ್ಲ. ಆ ವರ್ಷ ಬರೆದ ಬೆಲೆ ನಿಜವಾದ ಬೆಲೇನೇ ಆಗಿರಬೇಕು.

ಅವನು: ಅಂದರೆ ಅರ್ಜಿ ಹಾಕಿ ನೋಡೋದರಲ್ಲಿ ನಷ್ಟ ಏನೂ ಇಲ್ಲ, ಅಲ್ವಾ? ಬಂದರೆ ಬಂತು.

ಚಿಕ್ಕಮ್ಮ: ಇದೆ. ಗಡಿಗೆ ಕೆಳಗಿನ ತುದೀನೂ ಇದೆಯಲ್ಲ, 68. ನಿನ್ನ ಮನೆ 7,50,000 ಬಾಳುತ್ತೆ ಅಂತ ಟೌನಿನ ವಕೀಲ ತೋರಿಸಿದರೆ ನಿನ್ನ ಅಸೆಸ್‌ಮೆಂಟು ಶೇ. 64 ಆಯ್ತು. ಅವರು ಎದುರು ಅರ್ಜಿ ಹಾಕಿ ಅದನ್ನ 6,00,000ಕ್ಕೆ ಏರಿಸಿ ಅಂತ ಕೇಳಬಹುದು. ಕೈ ತೋರಿಸಿ ಅವಲಕ್ಷಣ ಅನ್ನಿಸಿಕೊಂಡ ಹಾಗೆ. ಅಡಿಗೆಮನೆ, ಬಚ್ಚಲು ಎಲ್ಲ ಒಡೆದು ಹೊಸದಾಗಿ ಕಟ್ಟಿಸಿಕೊಂಡೋರು ಅಪೀಲಿಗೆ ಹೊರಡೋ ಮುಂಚೆ ಎರಡು ಸಲ ಯೋಚನೆ ಮಾಡಬೇಕು.

ಅವನು: ನಮ್ಮ ಪಕ್ಕದ ಮನೆ ನಮ್ಮದಕ್ಕಿಂತ ದೊಡ್ಡದು. ಅವರದು 4,30,000 ಅಷ್ಟೇ. ಇದನ್ನ ಹೇಳಬಹುದಲ್ಲ?

ಚಿಕ್ಕಮ್ಮ: ಮನೆಯಲ್ಲಿ ಕೂತು ಹೇಳಬಹುದು. ಬೋರ್ಡಿನ ಮುಂದೆ ಪಕ್ಕದವರ ಅಸೆಸ್‌ಮೆಂಟು ಸಾಕ್ಷಿ ಅಲ್ಲ. ಝಿಲ್ಲೋನೂ ಅಲ್ಲ. ಮಾರಾಟ ಬೇಕು. ನಿನ್ನ ಮನೆಯಂಥದ್ದೇ ಮನೆಗಳು, ಅದೇ ಸುತ್ತಮುತ್ತ, ಹೋದ ವರ್ಷ ಅಕ್ಟೋಬರ್ 1ರ ಹತ್ತಿರ ಹತ್ತಿರ ಮಾರಾಟ ಆದದ್ದು. ಆ ತಾರೀಕಿನ ದಿನ ಮನೆ ಎಷ್ಟು ಬಾಳ್ತಿತ್ತು ಅನ್ನೋದೇ ಪ್ರಶ್ನೆ. ಮೂರರಿಂದ ಐದು ಮಾರಾಟ ಸಿಕ್ಕರೆ ಸಾಕು. ಅಪ್ಪ ಮಗನಿಗೆ ಮಾರಿದ್ದು, ಬ್ಯಾಂಕು ಜಪ್ತಿ ಮಾಡಿ ಮಾರಿದ್ದು, ಅವನ್ನ ಲೆಕ್ಕಕ್ಕೆ ಹಿಡಿಯಲ್ಲ.

ಅವನು: ಅಷ್ಟೇ ತಾನೆ? ಹುಡುಕಿ ಕೊಡ್ತೀನಿ.

ಚಿಕ್ಕಮ್ಮ: ಮಾರಾಟ ಹುಡುಕೋ ಮೊದಲು, ಟೌನಿನ ಪರವಾಗಿ ಬೆಲೆ ಬರೆಯೋ ಅಸೆಸರ್ ಆಫೀಸಿಗೆ ಹೋಗಿ ನಿಮ್ಮ ಮನೆಯ ಪ್ರಾಪರ್ಟಿ ರೆಕಾರ್ಡ್ ಕಾರ್ಡ್ ಇಸ್ಕೊಂಡು ಬಾ.

ಅವನು: ಅದನ್ನ ಆಗಲೇ ತಂದಿದ್ದೀನಿ, ಇಗೋ. ಏನೇನೋ ಚೌಕ, ಅಂಕಿ, ಸಂಕೇತ. ಒಂದೂ ತಿಳೀಲಿಲ್ಲ.

(ಒಂದು ಹಾಳೆ. ಮೂಲೆಯಲ್ಲಿ ಮನೆಯ ಸುತ್ತಳತೆಯ ಗೆರೆಚಿತ್ರ, ಪ್ರತಿ ಗೋಡೆಯ ಪಕ್ಕ ಅಡಿಗಳಲ್ಲಿ ಉದ್ದ. ಕೆಳಗೆ ಕಟ್ಟಿದ ವರ್ಷ, ಅಂತಸ್ತು, ಬಚ್ಚಲುಮನೆಗಳ ಸಂಖ್ಯೆ, ಕಾಯಿಸುವ ತಂಪಾಗಿಸುವ ವ್ಯವಸ್ಥೆ, ಡೆಕ್, ಗರಾಜು. ಹೆಚ್ಚಿನವರು ಕೇಳಿ ಪಡೆಯದ ಈ ಹಾಳೆಯೇ ನನ್ನ ಲೆಕ್ಕದಲ್ಲಿ ಇಡೀ ವ್ಯವಹಾರದ ಅತ್ಯಂತ ಉಪಯುಕ್ತ ಕಾಗದ.)

ಚಿಕ್ಕಮ್ಮ: ಇಲ್ಲಿ ಬರೆದಿರೋದು ಓದು. ಬೇಸ್‌ಮೆಂಟು ಪೂರ್ತಿ ಫಿನಿಶ್ಡ್ ಅಂತ.

ಅವನು: ಫಿನಿಶ್ಡಾ? ನೀವೇ ನೋಡಿದ್ದೀರಲ್ಲ, ಬರೀ ಸಿಮೆಂಟ್ ನೆಲ. ದಸರಾ ಬೊಂಬೆ ಪೆಟ್ಟಿಗೆ, ಸ್ನೋ ಷವೆಲ್ಲು, ಅಕ್ಕಿ ಮೂಟೆ ಬಿಟ್ಟರೆ ಏನಿದೆ ಅಲ್ಲಿ?

ಚಿಕ್ಕಮ್ಮ: ಹಿಂದಿನ ಮಾಲೀಕ ಪರ್ಮಿಟ್ ತಗೊಂಡು ಕೆಲಸ ಮಾಡಿಸದೇ ಬಿಟ್ಟಿರಬೇಕು. ಬಚ್ಚಲುಮನೆ ಎರಡೂವರೆ ಅಂತಿದೆ, ನಿನ್ನದು ಒಂದೂವರೆ. ಫೋಟೋ ತೆಗೆದಿಡು. ಅಸೆಸರ್‌ಗೆ ಫೋನ್ ಮಾಡಿ, ಬಂದು ನೋಡಿ ಅನ್ನು. ನೋಡಿ, ನೀನು ಹೇಳಿದ್ದು ಸರಿಯಾಗಿದ್ದರೆ ಎಷ್ಟೋ ಸಲ ಅವರೇ ಒಂದು ಅಂಕಿಗೆ ಒಪ್ಕೋತಾರೆ. ಒಪ್ಪಂದ ಬರೆದು ಎರಡೂ ಕಡೆಯವರು ಸಹಿ ಹಾಕಿ ಕೌಂಟಿ ಬೋರ್ಡಿಗೆ ಕಳಿಸಿದರೆ ಬೋರ್ಡು ಅದನ್ನ ಮಂಜೂರು ಮಾಡುತ್ತೆ. ಲಾಯರ್ ಖರ್ಚೇ ಇಲ್ಲ. ಆದರೆ ಮಾತುಕತೆ ನಡೀತಿದೆ ಅಂತ ಅರ್ಜಿ ಹಾಕದೆ ಕೂರಬೇಡ. ಸಾಮಾನ್ಯವಾಗಿ ಏಪ್ರಿಲ್ 1 ಕೊನೇ ದಿನ, ಇಲ್ಲಾ ನೋಟಿಸುಗಳನ್ನ ಅಂಚೆಗೆ ಹಾಕಿ ಮುಗಿಸಿದ ಮೇಲೆ 45 ದಿನ, ಯಾವುದು ಆಮೇಲೆ ಬರುತ್ತೋ ಅದು. ಮರು ಮೌಲ್ಯಮಾಪನ ಆದ ಊರಿಗೆ ಮೇ 1. ಮಾನ್‌ಮತ್ ಕೌಂಟಿಯವರಿಗೆ ಜನವರಿ 15ಕ್ಕೇ ಮುಗಿದುಹೋಗುತ್ತೆ. ಅರ್ಜಿ ಬೋರ್ಡಿಗೆ ಒಂದು, ಅಸೆಸರ್‌ಗೆ ಒಂದು, ಟೌನ್ ಕ್ಲರ್ಕ್‌ಗೆ ಒಂದು. ಒಂದು ದಿನ ತಡ ಆದರೂ ಒಳಗೆ ತಗೊಳ್ಳಲ್ಲ.

ಅವನು: ಅಲ್ಲಿಯವರೆಗೆ ಟ್ಯಾಕ್ಸ್ ಕಟ್ಟೋದು ನಿಲ್ಲಿಸಬಹುದಾ?

ಚಿಕ್ಕಮ್ಮ: ಖಂಡಿತ ಬೇಡ. ಹಳೇ ಬಾಕಿ, ಈ ವರ್ಷದ ಮೊದಲನೇ ಕಂತು ಎರಡೂ ಕಟ್ಟಿರಲೇಬೇಕು. ಇಲ್ಲದಿದ್ದರೆ ಅಪೀಲನ್ನ ಕೇಳೋದೇ ಇಲ್ಲ. ನಿನ್ನದು ಮಾರ್ಟ್‌ಗೇಜ್ ಕಂಪನಿಯೇ ಕಟ್ಟುತ್ತೆ, ಕಟ್ಟಿದ್ದಾರಾ ಅಂತ ನೋಡ್ಕೋ.

ಅವನು: ಸರಿ, ಇಷ್ಟೆಲ್ಲ ನಾನೇ ಮಾಡಿದರೆ ಲಾಯರ್‌ದು ಏನು ಕೆಲಸ? ಕನ್ನಡ ಕೂಟದ ವಾಟ್ಸಾಪ್‌ನಲ್ಲಿ ಒಬ್ಬರು, ಗೆದ್ದರೆ ಮಾತ್ರ ಫೀಸು, ಉಳಿಸಿದ್ದರಲ್ಲಿ ಮೂರನೇ ಒಂದು ಪಾಲು ಅಂತ ಒಂದು ನಂಬರ್ ಹಾಕಿದ್ದಾರೆ. ನನ್ನ ಜೇಬಿಂದ ಏನೂ ಹೋಗಲ್ಲವಲ್ಲ.

ಚಿಕ್ಕಮ್ಮ: ಯಾವುದರ ಮೂರನೇ ಒಂದು ಪಾಲು? ಇದನ್ನ ಕೇಳದೆ ಸಹಿ ಹಾಕೋರೇ ಜಾಸ್ತಿ. ಇಲ್ಲಿ ಫ್ರೀಜ್ ಆಕ್ಟ್ ಅಂತ ಇದೆ. ಒಂದು ವರ್ಷದ ಅಸೆಸ್‌ಮೆಂಟು ತೀರ್ಪಿನಲ್ಲಿ ಇಳಿದರೆ ಮುಂದಿನ ಎರಡು ವರ್ಷಕ್ಕೂ ಅದೇ ಬೆಲೆ ನಿಲ್ಲಬೇಕು. ಮಧ್ಯೆ ಊರಿಗೆಲ್ಲ ಮರು ಮೌಲ್ಯಮಾಪನ ಆದರೆ, ಇಲ್ಲಾ ನೀನೇ ಮನೆ ಮೇಲೆ ಮನೆ ಕಟ್ಟಿಸಿದರೆ ಆ ಮಾತು ಬೇರೆ. ಹಾಗಾಗಿ ನಿನ್ನ ಉಳಿತಾಯ 2,000 ಅಲ್ಲ, ಮೂರು ವರ್ಷಕ್ಕೆ 6,000. ಮೊದಲ ವರ್ಷದ್ದರಲ್ಲಿ ಮಾತ್ರ ಪಾಲು ಕೇಳಿದರೆ ಫೀಸು 667 ಡಾಲರ್. ಮೂರೂ ವರ್ಷದ್ದರಲ್ಲಿ ಕೇಳಿದರೆ 2,000. ಹೇಳೋದು ಎರಡಕ್ಕೂ ಅದೇ ‘ಮೂರನೇ ಒಂದು’. ಅರ್ಜಿಯ ಶುಲ್ಕ, ಮನೆಗೆ ಬೆಲೆ ಕಟ್ಟಿ ವರದಿ ಕೊಡೋ ಅಪ್ರೈಸರ್ ಖರ್ಚು ಯಾರ ತಲೆ ಮೇಲೆ ಅಂತಲೂ ಕೇಳು. ಹೊಸ ಕಕ್ಷಿದಾರನಿಗೆ ಫೀಸಿನ ಲೆಕ್ಕವನ್ನ ಲಾಯರ್ ಬರವಣಿಗೆಯಲ್ಲಿ ಕೊಡಲೇಬೇಕು ಅನ್ನೋದು ಇಲ್ಲಿಯ ವಕೀಲರ ನಿಯಮ. ಕೊಡದಿದ್ದರೆ ಎದ್ದು ಬಾ.

ಅವನು: ಅಪ್ರೈಸರ್ ಬೇರೆ ಬೇಕಾ?

ಚಿಕ್ಕಮ್ಮ: ನನ್ನನ್ನ ಕೇಳಿದರೆ, ನಿನ್ನಂಥ ಒಂದು ಮನೆಯವರು ಮೊದಲ ದುಡ್ಡು ಹಾಕಬೇಕಾದ್ದು ಅವನಿಗೇ, ಲಾಯರಿಗಲ್ಲ. ಲಾಯರ್ ಎಷ್ಟು ಚೆನ್ನಾಗಿ ಮಾತಾಡಿದರೂ ಅವನ ಮಾತು ಸಾಕ್ಷಿ ಆಗಲ್ಲ. ಅಸೆಸರ್ ಬರೆದದ್ದೇ ಸರಿ ಅಂತ ಕಾನೂನು ಶುರು ಮಾಡುತ್ತೆ, ಅದನ್ನ ಕೆಡವೋ ಹೊರೆ ನಿನ್ನದು. 1985ರಲ್ಲಿ ಪ್ಯಾಂಟಸೋಟ್ ಅನ್ನೋ ಕಂಪನಿ ಪಸೇಯಿಕ್ ನಗರದ ಮೇಲೆ ಹಾಕಿದ ಕೇಸಿನಲ್ಲಿ ನ್ಯೂಜೆರ್ಸಿ ಸುಪ್ರೀಂ ಕೋರ್ಟು ಇದನ್ನ ಗಟ್ಟಿ ಮಾಡಿತು. ಅಪ್ರೈಸರ್ ಬರೆದ ವರದಿಯನ್ನ ಹಾಗೇ ಮುಂದಿಟ್ಟರೆ ಆಗಲ್ಲ, ಆತ ಬಂದು ಕೂತು ಪ್ರಶ್ನೆಗಳಿಗೆ ಉತ್ತರ ಹೇಳಬೇಕು. ವಿಚಾರಣೆಗೆ ಬರೋದಕ್ಕೆ ಎಷ್ಟು ಅಂತ ಮೊದಲೇ ಮಾತಾಡ್ಕೋ. ಬ್ಯಾಂಕ್ ಲೋನಿಗೆ ಅಂತ ಹಿಂದೆ ಮಾಡಿಸಿದ ವರದಿ ಹಿಡ್ಕೊಂಡು ಬಂದು ಪೆಚ್ಚಾದೋರನ್ನ ಎಷ್ಟು ಜನರನ್ನ ನೋಡಿದ್ದೀನಿ!

ಅವನು: ಹಾಗಾದರೆ ಲಾಯರ್ ಬೇಡವೇ ಬೇಡ.

ಚಿಕ್ಕಮ್ಮ: ಹಾಗಂದೆನಾ? ಒಂದು ಗಂಟೆಯ ಸಲಹೆಗೆ ದುಡ್ಡು ಕೊಟ್ಟು ಹೋಗು. ಈ ಕಾರ್ಡು, ಈ ಲೆಕ್ಕ, ನೀನು ಹುಡುಕಿದ ಮಾರಾಟಗಳು, ಎಲ್ಲ ಮುಂದಿಟ್ಟು ‘ಇದು ನಿಲ್ಲುತ್ತಾ?’ ಅಂತ ಕೇಳು. ‘ನಿಲ್ಲಲ್ಲ, ಮನೆಗೆ ಹೋಗು’ ಅಂತ ಹೇಳೋ ಲಾಯರ್ ಸಿಕ್ಕರೆ ಕೊಟ್ಟ ಫೀಸು ಬಂದ ಹಾಗೆ. ಊರಿನ ಎಲ್ಲ ಅರ್ಜಿಯನ್ನೂ ಗುಡ್ಡೆ ಹಾಕ್ಕೊಂಡು ಒಂದೇ ದಿನ ಬೋರ್ಡಿಗೆ ಒಯ್ಯೋರೂ ಇದ್ದಾರೆ. ನಿನ್ನ ಬೇಸ್‌ಮೆಂಟ್ ಹೇಗಿದೆ ಅಂತ ಅವರಿಗೆ ಗೊತ್ತೇ ಇರಲ್ಲ. ಟೌನಿನವರು 4,60,000ಕ್ಕೆ ರಾಜಿ ಆಗೋಣ ಅಂದರೆ ಅಲ್ಲೇ ಹೂಂ ಅಂದುಬಿಡೋ ಆಸೆ ಅಂಥವರಿಗೆ. ರಾಜಿಗೆ ಒಪ್ಪೋದು ಬಿಡೋದು ಕಕ್ಷಿದಾರನ ತೀರ್ಮಾನ, ವಕೀಲನದಲ್ಲ. ಅದನ್ನೂ ಬಾಯಿಬಿಟ್ಟು ಹೇಳಿಡು.

ಅವನು: ಪೂರ್ತಿ ಲಾಯರ್ ಬೇಕೇ ಬೇಕು ಅನ್ನೋದು ಯಾರಿಗೆ?

ಚಿಕ್ಕಮ್ಮ: ನಿನ್ನ ಸ್ನೇಹಿತ ಇದ್ದಾನಲ್ಲ, ಬಾಡಿಗೆ ಮನೆಗಳನ್ನ ಎಲ್‌ಎಲ್‌ಸಿ ಕಂಪನಿ ಹೆಸರಲ್ಲಿ ಕೊಂಡೋನು, ಅವನಿಗೆ. ಒಬ್ಬ ಮನುಷ್ಯ ತನ್ನ ಮನೆಗೆ ತಾನೇ ವಾದಿಸಬಹುದು. ಕಂಪನಿಗೆ ಆ ಹಕ್ಕಿಲ್ಲ, ನ್ಯೂಜೆರ್ಸಿ ಲೈಸೆನ್ಸ್ ಇರೋ ವಕೀಲರೇ ಬರಬೇಕು. ಎಲ್‌ಎಲ್‌ಸಿಗೆ ತಾನೊಬ್ಬನೇ ಮಾಲೀಕ ಅಂದರೂ ಬಿಡಲ್ಲ. ಇನ್ನೊಂದು ವಿಷಯ, ಅವನಿಗೆ ಇವತ್ತೇ ಫೋನ್ ಮಾಡಿ ಹೇಳು. ಬಾಡಿಗೆ ಬರೋ ಕಟ್ಟಡದ ಮಾಲೀಕರಿಗೆ ಅಸೆಸರ್ ಒಂದು ಸರ್ಟಿಫೈಡ್ ಪತ್ರ ಕಳಿಸ್ತಾರೆ, ವರ್ಷದ ಆದಾಯ ಖರ್ಚು ತಿಳಿಸಿ ಅಂತ. ಚಾಪ್ಟರ್ 91 ಪತ್ರ. 45 ದಿನದಲ್ಲಿ ಉತ್ತರ ಕೊಡದಿದ್ದರೆ ಆ ವರ್ಷದ ಅಪೀಲಿನ ಹಕ್ಕೇ ಹೆಚ್ಚುಕಡಿಮೆ ಹೋದ ಹಾಗೆ. ಅಸೆಸರ್ ಲೆಕ್ಕ ಹಾಕಿದ ರೀತಿ ತೀರಾ ಅನ್ಯಾಯ ಆಯ್ತಾ ಅನ್ನೋ ಅಷ್ಟು ಮಾತ್ರ ಕೋರ್ಟು ನೋಡುತ್ತೆ. ಬಂದ ಪತ್ರವನ್ನ ಡ್ರಾಯರಿಗೆ ಸೇರಿಸಿ ಮರೆತು, ಆಮೇಲೆ ದೊಡ್ಡ ದೊಡ್ಡ ವಕೀಲರನ್ನ ಹಿಡಿದರೆ ಏನು ಬಂತು?

ಅವನು: ಬೋರ್ಡಿನಲ್ಲಿ ಸೋತರೆ?

ಚಿಕ್ಕಮ್ಮ: ತೀರ್ಪು ಅಂಚೆಗೆ ಬಿದ್ದ 45 ದಿನದೊಳಗೆ ಟ್ಯಾಕ್ಸ್ ಕೋರ್ಟಿಗೆ ಹೋಗಬಹುದು. 1979ರಿಂದ ಇರೋ ಕೋರ್ಟು. ಅಲ್ಲಿ ಎಲ್ಲ ಮೊದಲಿಂದ ಶುರು, ಬೋರ್ಡಿನಲ್ಲಿ ಹೇಳಿದ್ದು ಅಲ್ಲಿಗೆ ಬರಲ್ಲ. ವಾಸದ ಮನೆಗೆ ಅಲ್ಲೂ ಸಣ್ಣ ದಾವೆ ವಿಭಾಗ ಇದೆ, ಆದರೂ ಆ ಮೆಟ್ಟಿಲಿಗೆ ಲಾಯರ್ ಜೊತೆಗಿದ್ದರೆ ಒಳ್ಳೇದು. 10,00,000 ಡಾಲರಿಗಿಂತ ಹೆಚ್ಚು ಅಸೆಸ್‌ಮೆಂಟ್ ಇರೋರು ಬೋರ್ಡನ್ನ ಬಿಟ್ಟು ನೇರ ಅಲ್ಲಿಗೇ ಹೋಗಬಹುದು.

ಅವನು: ನಮ್ಮ ಎದುರುಮನೆ ಅಜ್ಜಿ ಒಬ್ಬರೇ ಇರೋದು, ಪೆನ್ಷನ್‌ನಲ್ಲಿ. ಅವರೂ ಲಾಯರ್ ಕೇಳ್ತಿದ್ದರು.

ಚಿಕ್ಕಮ್ಮ: ಅವರಿಗೆ ಸೀನಿಯರ್ ಫ್ರೀಜ್, ಆ್ಯಂಕರ್ ಅಂತ ರಾಜ್ಯದ ಯೋಜನೆಗಳಿವೆ. ಕಟ್ಟಿದ ಟ್ಯಾಕ್ಸಿನಲ್ಲಿ ಒಂದಷ್ಟು ವಾಪಸ್ ಬರುತ್ತೆ. ಮನೆ ಬೆಲೆ ಸಾಬೀತು ಮಾಡೋ ಗೋಜಿಲ್ಲ, ವಯಸ್ಸು ಆದಾಯ ತೋರಿಸಿದರೆ ಆಯ್ತು. ಅರ್ಜಿಗೆ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ ಅನ್ನು. ಕಾನೂನಿನ ತಕರಾರೇ ಇದ್ದು ಕೈಯಲ್ಲಿ ಕಾಸಿಲ್ಲ ಅಂದರೆ ಲೀಗಲ್ ಸರ್ವೀಸಸ್ ಆಫ್ ನ್ಯೂಜೆರ್ಸಿಗೆ ಫೋನ್ ಮಾಡಿ ಕೇಳಲಿ.

ಅವನು: ಬೆಂಗಳೂರಲ್ಲಿ ಅಪ್ಪನ ಮನೆಯದೂ ಹಿಂಗೇನಾ? ಅವರೂ ಜೋನ್ ತಪ್ಪು ಅಂತ ನೋಟಿಸು ಬಂದಿದೆ ಅಂತಿದ್ದರು.

ಚಿಕ್ಕಮ್ಮ: ಅಲ್ಲಿ ಬುಡವೇ ಬೇರೆ. ಇಲ್ಲಿ ಅಸೆಸರ್ ಬೆಲೆ ಬರೀತಾನೆ, ನಾವು ತಪ್ಪು ಅಂತೀವಿ. ಅಲ್ಲಿ 2008ರಿಂದ ಯೂನಿಟ್ ಏರಿಯಾ ಪದ್ಧತಿ. ಮನೆ ಎಷ್ಟು ಚದರಡಿ, ಸ್ವಂತ ವಾಸವೋ ಬಾಡಿಗೆಯೋ, ಯಾವ ಜೋನು ಅಂತ ನಿಮ್ಮಪ್ಪನೇ ಬರೆದು, ತಾನೇ ಲೆಕ್ಕ ಹಾಕಿ ಕಟ್ಟಿರ್ತಾರೆ. ಪಾಲಿಕೆಯವರು ಆಮೇಲೆ ನೋಡಿ ತಪ್ಪು ಅಂತಾರೆ. 2016ರಲ್ಲಿ ಜೋನುಗಳು ಬದಲಾದಾಗ ಹಳೇ ಜೋನಿನಲ್ಲೇ ಕಟ್ಟಿದ ಸಾವಿರಾರು ಜನರಿಗೆ 2021ರಲ್ಲಿ ವ್ಯತ್ಯಾಸದ ನೋಟಿಸು ಬಂದಿತ್ತು. ಅದಕ್ಕೆ ಅಲ್ಲಿಯ ವಕೀಲರನ್ನೇ ಹಿಡೀಬೇಕು. ಹಳೇ ರಸೀದಿ, ಸೇಲ್ ಡೀಡು, ಕಟ್ಟಡದ ನಕ್ಷೆ ಎಲ್ಲ ಒಟ್ಟಿಗೆ ತೆಗೆದಿಡೋಕೆ ಹೇಳು. ನೋಟಿಸಿನ ಗಡುವು ಎಷ್ಟು ಅಂತ ಮೊದಲು ಓದಿಸು.

ಅವನು: ಓದಿಸ್ತೀನಿ. ನಮ್ಮದಕ್ಕೆ ನೀವೇ ಬಂದು ವಾದಿಸಿಬಿಡಿ ಚಿಕ್ಕಮ್ಮ. ಮೂರನೇ ಒಂದು ಪಾಲು ಕೊಡ್ತೀನಿ, ಮೂರೂ ವರ್ಷದ್ದು.

ಚಿಕ್ಕಮ್ಮ: ನಾನು ನಿವೃತ್ತಿ ಬರೆದುಕೊಟ್ಟಾಯ್ತು. ಈಗ ಬೋರ್ಡಿನ ಮುಂದೆ ನಾನು ಬರೀ ನಿನ್ನ ಚಿಕ್ಕಮ್ಮ, ಚಿಕ್ಕಮ್ಮಂದಿರು ವಾದಿಸೋ ಹಾಗಿಲ್ಲ. ಸ್ನೇಹಿತ, ಬಂಧು, ರಿಯಲ್ ಎಸ್ಟೇಟ್ ಏಜೆಂಟು ಯಾರೂ ನಿನ್ನ ಪರವಾಗಿ ನಿಲ್ಲೋಕಾಗಲ್ಲ. ನೀನೇ ಮಾತಾಡು. ಮಾರಾಟದ ಪಟ್ಟಿ, ಫೋಟೋ, ಅಪ್ರೈಸರ್ ವರದಿ, ಏನಿದ್ದರೂ ವಿಚಾರಣೆಗೆ ಏಳು ದಿನ ಮುಂಚೆ ಬೋರ್ಡು, ಅಸೆಸರ್ ಇಬ್ಬರ ಕೈಗೂ ಸೇರಿರಬೇಕು. ಆ ದಿನ ಹೊಸದೊಂದು ಕಾಗದ ಎಳೆದರೆ ಎದುರಿನ ವಕೀಲ ಆಕ್ಷೇಪಣೆ ಎತ್ತುತ್ತಾನೆ.

ಅವನು: ಪಕ್ಕದಲ್ಲಿ ಕೂತ್ಕೊಳ್ಳೋಕಾದರೂ ಬರ್ತೀರಾ?

ಚಿಕ್ಕಮ್ಮ: ಮೇ ತಿಂಗಳಲ್ಲಿ ಇಟ್ಟರೆ ಬರ್ತೀನಿ. ಜೂನ್‌ಗೆ ಹೋದರೆ ನಾನು ಮೈಸೂರಿನಲ್ಲಿರ್ತೀನಿ, ಟಿಕೆಟ್ ತಗೊಂಡಾಗಿದೆ. ಆ ಕಾರ್ಡ್ ಇಲ್ಲಿ ಕೊಡು, ಗರಾಜಿನ ಅಳತೆಯೂ ಯಾಕೋ ಸರಿ ಕಾಣ್ತಿಲ್ಲ.